ಹದಿಮೂರು ದಾಟದ ತಪ್ಪು

ಬ್ರಿಸ್ಬೇನ್: ಬೂಟಿನ ತಳ

ಆಸ್ಟ್ರೇಲಿಯಾದ ನೆಲ ಮುಟ್ಟುವ ಮೊದಲೇ ನನ್ನ ಬೂಟಿನ ತಳದಲ್ಲಿದ್ದ ನಮ್ಮೂರು ಅಬ್ಬಿಗೇರಿಯನ್ನು ತೊಳೆದು ಹಾಕಿದರು. ವಿಮಾನದಲ್ಲಿ ಕೊಟ್ಟ ಕಾರ್ಡಿನಲ್ಲಿ ಒಂದು ಪ್ರಶ್ನೆ ಇತ್ತು: ಕಳೆದ ಮೂವತ್ತು ದಿನಗಳಲ್ಲಿ ಯಾವುದಾದರೂ ಹೊಲಕ್ಕೆ ಹೋಗಿದ್ದೀರಾ? ಹೋಗದ ದಿನ ಯಾವುದು ಅಂತ ಕೇಳಿದ್ದರೆ ಉತ್ತರ ಸುಲಭವಿತ್ತು. ‘ಹೌದು’ ಎಂಬಲ್ಲಿ ಗುರುತು ಹಾಕಿದೆ. ಅಷ್ಟಕ್ಕೇ ನನ್ನನ್ನು ಸಾಲಿನಿಂದ ಪಕ್ಕಕ್ಕೆ ಕರೆದರು.

ಕೈಗವಸು ಹಾಕಿಕೊಂಡ ಅಧಿಕಾರಿಯೊಬ್ಬ ಬೂಟು ಬಿಚ್ಚಿಸಿ, ತಿರುವಿ, ತಳದ ಗೆರೆಗಳಲ್ಲಿದ್ದ ಕರಿಮಣ್ಣನ್ನು ಕಡ್ಡಿಯಿಂದ ಕೆದರಿ ನೋಡಿದ.

“ಎಲ್ಲಿಯ ಮಣ್ಣು?”

“ರೋಣ ತಾಲೂಕು.”

“ಅದು ಯಾವ ದೇಶ?”

ಕಾಲೇಜಿನ ನಾಲ್ಕು ವರ್ಷ ಚರ್ಚಾಸ್ಪರ್ಧೆಗಳಲ್ಲಿ ಢಾಲು ಹೊತ್ತು ತಂದವಳು ನಾನು. ಇಂಥ ಪ್ರಶ್ನೆಗೆ ಹತ್ತು ನಿಮಿಷದ ಉತ್ತರ ನನ್ನಲ್ಲಿ ಸದಾ ತಯಾರಿರುತ್ತದೆ. ಆದರೆ ಬರಿಗಾಲಲ್ಲಿ ನಿಂತವರ ವಾದಕ್ಕೆ ತೂಕ ಇರುವುದಿಲ್ಲ ಅಂತ ಅವತ್ತು ತಿಳಿಯಿತು. ಸುಮ್ಮನೆ “ಇಂಡಿಯಾ” ಅಂದೆ.

ಆಮೇಲೆ ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿಯ ಗಂಟು ಹೊರಬಿತ್ತು. ಒಂದನ್ನು ತೆಗೆದು ಬೆರಳಿನಿಂದ ತಟ್ಟಿದ. ಟಣ್ ಅಂತು. ಇನ್ನೊಬ್ಬ ಅಧಿಕಾರಿಯನ್ನು ಕರೆದ. ಆಕೆಯೂ ತಟ್ಟಿದಳು.

“ಇದನ್ನು ಯಾವುದಕ್ಕೆ ಬಳಸುತ್ತೀರಿ?”

“ತಿನ್ನುತ್ತೇವೆ,” ಅಂದೆ. ನಂಬಲಿಲ್ಲ. ಮುರಿದು ತಿಂದು ತೋರಿಸಿದ ಮೇಲೆ ಬಿಟ್ಟರು. ಬೂಟು ಪ್ಲಾಸ್ಟಿಕ್ ಚೀಲದಲ್ಲಿ ಬಂತು, ಅಂಗಡಿಯಲ್ಲಿ ಕೊಂಡ ದಿನಕ್ಕಿಂತ ಸ್ವಚ್ಛವಾಗಿ. ಒಂದು ದೇಶ ತನ್ನ ಮಣ್ಣಿಗೆ ಪರರ ಮಣ್ಣು ತಾಗಬಾರದು ಅಂತ ಇಷ್ಟು ಹಟ ಹಿಡಿಯುವುದು ನನಗೆ ಮೆಚ್ಚಿಗೆಯಾಯಿತು. ಅದನ್ನು ಆ ಅಧಿಕಾರಿಗೆ ಮಾತ್ರ ಹೇಳಲಿಲ್ಲ.

ಕೊಣ್ಣೂರಿನಿಂದ ಹೊತ್ತು ತಂದ ಪ್ರಶ್ನೆ

ನಾನು ಹೋದದ್ದು ಜಗಳ ತೆಗೆಯಲಿಕ್ಕೆ. ಕಾಗದದ ಮೇಲೆ ಅದನ್ನು ಮೂರು ವಾರದ ತರಬೇತಿ ಅಂತ ಬರೆದಿದ್ದರು.

ಓದಿದ್ದು ಕೃಷಿ ಪದವಿ. ಕೆಲಸ, ರೋಣ–ನರಗುಂದದ ಹೊಲಗಳಲ್ಲಿ ನಡೆಯುತ್ತಿದ್ದ ಒಂದು ಜೋಳದ ಪ್ರಯೋಗದಲ್ಲಿ ಸಹಾಯಕಿ. ಪ್ರಯೋಗದ ಮಾತು ಇಷ್ಟೇ: ಬೀಜದೊಳಗಿನ ವಂಶವಾಹಿಗಳ ಗುರುತು ಕೊಡಿ, ಹೊಲದ ಬಿಸಿಲು, ಮಳೆ, ಹಗಲಿನ ಉದ್ದ ಕೊಡಿ, ಆ ಬೀಜ ಆ ಹೊಲದಲ್ಲಿ ಬಿತ್ತಿದ ಎಷ್ಟನೇ ದಿನಕ್ಕೆ ಹೂ ಬಿಡುತ್ತದೆ ಅಂತ ಕಂಪ್ಯೂಟರು ಮೊದಲೇ ಹೇಳುತ್ತದೆ. ಹೀಗೆ ಹೇಳುವ ಲೆಕ್ಕಕ್ಕೆ ಅವರು ‘ಮಾದರಿ’ ಅನ್ನುತ್ತಾರೆ. ನಾನು ಅದಕ್ಕೆ ಗಿಳಿಶಾಸ್ತ್ರ ಅನ್ನುತ್ತಿದ್ದೆ. ಗಿಳಿಯಾದರೂ ಒಂದು ಚೀಟಿ ಎಳೆದು ಸುಮ್ಮನಾಗುತ್ತದೆ. ಇದು ದಿನ, ವಾರ ಎಲ್ಲ ಹೇಳುತ್ತದೆ.

ಮೂವತ್ತು ರೈತರ ಹೊಲಗಳಲ್ಲಿ ಜೋಳ ಹಾಕಿಸಿದ್ದೆವು. ಹೂ ಬಿಟ್ಟ ದಿನವನ್ನು ನಾನೇ ಮೊಪೆಡ್ ಮೇಲೆ ಹೊಲ ಹೊಲ ಅಡ್ಡಾಡಿ ಬರೆದುಕೊಂಡಿದ್ದೆ. ಬಿತ್ತಿದ ದಿನವನ್ನು ರೈತರನ್ನು ಕೇಳಿ ಹಾಳೆ ತುಂಬಿದ್ದೆ. ಎಲ್ಲವನ್ನೂ ಮಾದರಿ ನಡೆಸುವ ಆಸ್ಟ್ರೇಲಿಯಾದ ಕೇಂದ್ರಕ್ಕೆ ಕಳಿಸಿದೆವು. ಅಲ್ಲಿಂದ ಬಂದ ಉತ್ತರ ನೋಡಿದಾಗ ನನಗೆ ಹಬ್ಬವೋ ಹಬ್ಬ. ಮಾದರಿ ಹೇಳಿದ್ದಕ್ಕೂ ನಮ್ಮ ಹೊಲಗಳಲ್ಲಿ ಆದದ್ದಕ್ಕೂ ತಾಳೆಯೇ ಇರಲಿಲ್ಲ. ಒಂದು ಹೊಲದಲ್ಲಿ ನಾಲ್ಕು ದಿನ ತಪ್ಪು, ಇನ್ನೊಂದರಲ್ಲಿ ಎಂಟು, ಮತ್ತೊಂದರಲ್ಲಿ ಹನ್ನೊಂದು. ನಮ್ಮ ಕರಿಮಣ್ಣಿನ ಎರಿ ಭೂಮಿ ಅಂದರೆ ಏನು ಅಂತ ಕಂಪ್ಯೂಟರಿಗೆ ಗೊತ್ತಿಲ್ಲ ಅಂತ ಒಂದು ಉದ್ದನ್ನ ಪತ್ರ ಬರೆದೆ. ಅಲ್ಲಿಯ ಮುಖ್ಯಸ್ಥೆ ಉತ್ತರಿಸಿದರು: “ಬಂದು ಇದನ್ನೇ ಎಲ್ಲರ ಮುಂದೆ ಹೇಳು.”

ಹೊರಡುವ ಮುಂಚೆ ಕೊಣ್ಣೂರಿಗೆ ಹೋದೆ. ಮೂವತ್ತು ರೈತರಲ್ಲಿ ನನಗೆ ಹತ್ತಿರದವರೆಂದರೆ ಹುಸೇನಸಾಬ ಕಾಕಾ. ಅರವತ್ತು ದಾಟಿದ ಮನುಷ್ಯ. ಆ ಭಾಗದಲ್ಲಿ ಅವರ ಕೂರಿಗೆಗೆ ಬಹಳ ಹೆಸರು. ಬಿತ್ತಿಗೆಗೆ ಆ ಕೂರಿಗೆಯೇ ಬೇಕೆಂದು ಸುತ್ತಲಿನವರು ಪಾಳಿ ಹಚ್ಚುತ್ತಾರೆ. ಕಾಕಾ ತಾವೇ ಹೋಗಿ ಹಿಡಿದು ಬಿತ್ತಿ ಕೊಡುತ್ತಾರೆ, ತಮ್ಮ ಹೊಲ ನಡುವೆಲ್ಲೋ ಒಂದು ಪಾಳಿಯಲ್ಲಿ ಬರುತ್ತದೆ. ಪ್ರಯೋಗಕ್ಕೆ ಅವರು ಹೊಳೆಯ ದಂಡೆಯ ಒಳ್ಳೇ ಪಟ್ಟಿಯನ್ನೇ ಕೊಟ್ಟಿದ್ದರು. ಜೊತೆಗೆ ತಮ್ಮ ಎರಡು ಬೀಜ: ಹೆಂಡತಿಯ ತವರಿನಿಂದ ಬಂದ ಉದ್ದನ್ನ ಜೋಳ, ಪೇಟೆಯಿಂದ ತಂದ ಗಿಡ್ಡ ಜೋಳ.

“ಏನವ್ವಾ ವಕೀಲಬಾಯಿ,” ಅಂದರು, “ಆ ಮಶೀನಿಗೆ ನಂದೊಂದು ಪ್ರಶ್ನಿ ಕೇಳ್ಕೊಂಡ ಬಾ.”

“ಹೇಳ್ರಿ ಕಾಕಾ.”

“ಹಸ್ತಾ ಮಳ್ಯಾಗ ಬಿತ್ತಾಕ ಆಗಲಿಲ್ಲ, ಚಿತ್ತಿ ಮಳಿ ಹೊಕ್ಕಿತು ಅಂತ ತಿಳಿ. ಆವಾಗ ನನ್ನ ಎರಡು ಬೀಜದಾಗ ಯಾವ್ದು ಲಗೂ ಹೂ ಬಿಡತೈತಿ? ಉದ್ದಂದೋ, ಗಿಡ್ಡಂದೋ? ನೆಲದಾಗ ಹಸಿ ಇರೂದ್ರಾಗ ಕಾಳ ಕಟ್ಟಬೇಕಲ್ಲ. ತಡಾ ಬಿತ್ತಿದ ವರ್ಷ ನನಗ ಅದ ಚಿಂತಿ.”

“ನಿಮಗೇನ್ ಅನಸ್ತೈತ್ರಿ?”

“ಗಿಡ್ಡಂದು. ಹತ್ತ ವರ್ಷ ನೋಡೀನಿ, ಕೇಳೂದೇನೈತಿ ಅದರಾಗ. ಆದ್ರೂ ಕೇಳ್ಕೊಂಡ ಬಾ. ಮಶೀನು ನನ್ನ ಮಾತಿಗೆ ಒಪ್ಪತೈತೋ ಇಲ್ಲೋ ನೋಡೂಣು.”

“ಅದು ಸುಳ್ಳ ಹೇಳ್ತೈತ್ರಿ ಕಾಕಾ.”

“ಹೇಳಲಿ. ಯಾವ ಸುಳ್ಳ ಅಂತರ ತಿಳೀತೈತಿ.”

ಟೂವುಂಬಾ: ನಾಲ್ಕು ನಿಮಿಷ

ಬ್ರಿಸ್ಬೇನಿನಿಂದ ಘಟ್ಟ ಹತ್ತಿದರೆ ಟೂವುಂಬಾ. ಬಸ್ಸಿನ ಡ್ರೈವರು ನಾನು ಹತ್ತುತ್ತಲೇ “ಹೇಗಿದ್ದೀಯಾ?” ಅಂತ ಕೇಳಿದ. ಪರದೇಶದಲ್ಲಿ ಮೊದಲ ಸಲ ಒಬ್ಬರು ನನ್ನ ಯೋಗಕ್ಷೇಮ ಕೇಳಿದ್ದು. ವಿಮಾನದಲ್ಲಿ ನಿದ್ದೆ ಆಗಲಿಲ್ಲ, ಕಿವಿ ಇನ್ನೂ ಗುಂಯ್ ಅನ್ನುತ್ತಿದೆ, ಬೂಟು ತೊಳೆದರು, ಒಳಗೆ ಇನ್ನೂ ಹಸಿ ಇದೆ ಅಂತ ಎಲ್ಲ ಹೇಳಿದೆ. ನನ್ನ ಹಿಂದೆ ಏಳು ಜನ ಕಾಯುತ್ತಿದ್ದರು. ಅಲ್ಲಿ ಆ ಪ್ರಶ್ನೆಗೆ ಉತ್ತರ ಬೇಕಿರುವುದಿಲ್ಲ ಅಂತ ಆಮೇಲೆ ತಿಳಿಯಿತು. ನಮ್ಮಲ್ಲಿ “ಊಟ ಆತೇನು?” ಅಂತ ಕೇಳಿದವರು ಆಗಲಿಲ್ಲ ಅಂದರೆ ಬಡಿಸಲಿಕ್ಕೆ ಏಳುತ್ತಾರೆ. ಅವರು ಹೇಗಿದ್ದೀಯಾ ಅಂತ ಕೇಳಿ ಟಿಕೆಟ್ ಹರಿಯುತ್ತಾರೆ.

ಇಳಿದುಕೊಂಡದ್ದು ಮಾರ್ಗರೇಟ್ ಅವರ ಮನೆಯಲ್ಲಿ. ನನ್ನ ಪತ್ರಕ್ಕೆ ಉತ್ತರ ಬರೆದ ಮುಖ್ಯಸ್ಥೆ ಅವರೇ. ಅರವತ್ತರ ಹತ್ತಿರದ, ಬಡಕಲು, ನೆಟ್ಟಗಿನ ಹೆಂಗಸು. ಹೆಸರು ಹಿಡಿದೇ ಕರೆಯಬೇಕೆಂದು ಕಟ್ಟಪ್ಪಣೆ. ಎರಡು ದಿನ ನಾನು ಯಾವ ಹೆಸರನ್ನೂ ಹಿಡಿಯದೆ, ಕೆಮ್ಮಿ ಕರೆದೆ. ಮೂರನೇ ದಿನ ‘ಮಾರ್ಗರೇಟ್ ಬಾಯಿ’ ಅಂದೆ. ಆ ‘ಬಾಯಿ’ ಏನು ಅಂತ ಕೇಳಿದರು. ಹಿರಿಯ ಹೆಣ್ಣುಮಕ್ಕಳಿಗೆ ಮರ್ಯಾದೆಯಿಂದ ಹಚ್ಚುವ ಮಾತು ಅಂದೆ. ಹಾಗಾದರೆ ಇರಲಿ ಅಂದರು.

ಸ್ನಾನದ ಕೋಣೆಯಲ್ಲಿ ಗೋಡೆಗೆ ಮರಳಿನ ಗಡಿಯಾರ ಅಂಟಿಸಿದ್ದರು. ತಿರುವಿಟ್ಟರೆ ನಾಲ್ಕು ನಿಮಿಷಕ್ಕೆ ಮರಳು ಮುಗಿಯುತ್ತದೆ. ಅಷ್ಟರಲ್ಲಿ ಸ್ನಾನ ಮುಗಿಯಬೇಕು. ಆ ವರ್ಷ ಊರಿನ ಕೆರೆಗಳು ತಳ ಕಂಡಿದ್ದವು, ನೀರಿಗೆ ಕಟ್ಟುನಿಟ್ಟು. ಮಾರ್ಗರೇಟ್ ಇದನ್ನು ಬಹಳ ಸಂಕೋಚದಿಂದ ವಿವರಿಸಿದರು. ನಾನು ಒಂದು ಬಕೆಟ್ಟು, ಒಂದು ಚಂಬು ಕೇಳಿದೆ. ನನ್ನ ಸ್ನಾನ ಅರ್ಧ ಬಕೆಟ್ಟಿನಲ್ಲಿ ಮುಗಿದು, ಉಳಿದ ನೀರು ಅವರ ಗುಲಾಬಿಗೆ ಹೋಯಿತು. ಮರುದಿನ ಪಕ್ಕದ ಮನೆಯ ಇಬ್ಬರು ಅರ್ಧ ಬಕೆಟ್ಟಿನ ಸ್ನಾನ ಹೇಗೆ ಅಂತ ಕೇಳಲಿಕ್ಕೆ ಬಂದರು. ಪರದೇಶದಲ್ಲಿ ನಾನು ಕೊಟ್ಟ ಮೊದಲ ತರಬೇತಿ ಅದು.

ಡಾಲ್ಬಿ ರಸ್ತೆ: ಕೆವಿನ್ನನ ಡೈರಿ

ವಾರದ ಕೊನೆಗೆ ಮಾರ್ಗರೇಟ್ ನನ್ನನ್ನು ಒಬ್ಬ ರೈತನ ಹೊಲಕ್ಕೆ ಕರೆದುಕೊಂಡು ಹೋದರು. ಹೆಸರು ಕೆವಿನ್. ಹೊಲದ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಲಿಕ್ಕೆ ಗಾಡಿ ಬೇಕು. ಅಬ್ಬಿಗೇರಿಯಿಂದ ರೋಣಕ್ಕೆ ಹೊರಟ ಹಾಗಾಯಿತು. ಜೋಳ ಮಾತ್ರ ಕಂಡಿದ್ದೇ ನಗು ಬಂತು. ಸೊಂಟದೆತ್ತರ, ಕೆಂಪು ತೆನೆ, ಎಲ್ಲವೂ ಕತ್ತರಿ ಹಿಡಿದು ಸಮ ಮಾಡಿದ ಹಾಗೆ. ಕೆಳಗಿನ ಮಣ್ಣು ನೋಡಿ ನಗು ನಿಂತಿತು. ಅದೇ ಎರಿ. ಅದೇ ಬಿರುಕು, ಬೆರಳು ತೂರಿಸಿದರೆ ಒಳಗೆ ಅದೇ ತಂಪು. ಹಿಂದಿನ ರಾತ್ರಿ ನಾಲ್ಕು ಹನಿ ಬಿದ್ದಿದ್ದರಿಂದ ಹತ್ತು ಹೆಜ್ಜೆಗೆ ಬೂಟು ಎರಡು ಸೇರು ಭಾರ. ಬ್ರಿಸ್ಬೇನಿನಲ್ಲಿ ತೊಳೆದು ತೆಗೆದದ್ದನ್ನೇ ಇಲ್ಲಿ ತಿರುಗಿ ಅಂಟಿಸಿಕೊಟ್ಟರು.

“ಇದನ್ನು ಯಾರು ತಿನ್ನುತ್ತಾರೆ?” ಅಂತ ಕೇಳಿದೆ.

“ದನ,” ಅಂದ ಕೆವಿನ್. “ನಿಮ್ಮಲ್ಲಿ?”

“ನಾನು.”

ಆತ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಚೀಲದಿಂದ ಒಂದು ಖಡಕ್ ರೊಟ್ಟಿ ತೆಗೆದು, ಶೇಂಗಾ ಚಟ್ನಿ ಹಾಕಿ ಕೊಟ್ಟೆ. ಮುರಿದ, ಅಗಿದ, ಕಣ್ಣಲ್ಲಿ ನೀರು ತಂದುಕೊಂಡ, ಮತ್ತೊಂದು ಕೇಳಿದ. “ನಲವತ್ತು ವರ್ಷದಿಂದ ನನ್ನ ದನಗಳು ನನಗೆ ಇದನ್ನು ಹೇಳಲೇ ಇಲ್ಲ,” ಅಂದ.

ಟ್ರ್ಯಾಕ್ಟರಿನಲ್ಲಿ ಅವನದೊಂದು ಡೈರಿ ಇತ್ತು. ತೆರೆದು ನೋಡಿದೆ. ಯಾವ ಪಟ್ಟಿ ಯಾವ ದಿನ ಬಿತ್ತಿದ್ದು, ಎಷ್ಟು ಗಂಟೆಗೆ ಶುರು, ಎಷ್ಟಕ್ಕೆ ಮುಗಿಯಿತು, ನಡುವೆ ಗಾಲಿ ಪಂಕ್ಚರ್ ಆಗಿ ಎಷ್ಟು ಹೊತ್ತು ನಿಂತಿತು, ಎಲ್ಲ ಇತ್ತು. ಬಿತ್ತಿದ ಗಂಟೆ ಬರೆದಿಡುವ ಮನುಷ್ಯನನ್ನು ನಾನು ಕಂಡದ್ದು ಅದೇ ಮೊದಲು. ನಮ್ಮಲ್ಲಿ ಕೂಸು ಹುಟ್ಟಿದ ಗಂಟೆ ಬರೆಯುತ್ತಾರೆ, ಅದೂ ಕುಂಡಲಿ ಬೇಕಾದವರು.

“ಜೋಳಕ್ಕೂ ಲಗ್ನ ಮಾಡ್ತೀರಾ?” ಅಂತ ಮಾರ್ಗರೇಟ್ ಕಿವಿಯಲ್ಲಿ ಕೇಳಿದೆ. ಅವರು ನಗಲಿಲ್ಲ. ನನ್ನ ಆ ಮಾತನ್ನು ಮೂರು ದಿನದ ಮೇಲೆ ಬಡ್ಡಿ ಸಮೇತ ನುಂಗಬೇಕಾಯಿತು.

ಸೋಮವಾರ: ಗೆದ್ದದ್ದು

ಸೋಮವಾರ ನನ್ನ ಮಾತು. ಇಪ್ಪತ್ತು ಜನ, ಉದ್ದನ್ನ ಮೇಜು, ತಲೆಯ ಕಡೆ ಅಧ್ಯಕ್ಷರು. ಯಾವ ದೇಶದ ಯಾವ ಜಾಗದಲ್ಲಿ ಪ್ರಯೋಗ ಮುಂದುವರಿಸಬೇಕು ಅಂತ ಆ ವಾರ ತೀರ್ಮಾನವಾಗುವುದಿತ್ತು. ಅದನ್ನು ನನಗೆ ಹೇಳಿದ್ದರು. ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ವಾದಕ್ಕೆ ನಿಂತವರಿಗೆ ಎದುರಿನವರ ದೌರ್ಬಲ್ಯ ಬಿಟ್ಟರೆ ಬೇರೆ ಏನೂ ಕಾಣುವುದಿಲ್ಲ.

ಚಲೋ ಮಾತಾಡಿದೆ. ಇದನ್ನು ಹೇಳಲಿಕ್ಕೆ ನನಗೆ ಸಂಕೋಚವಿಲ್ಲ. ಮೂವತ್ತು ಹೊಲಗಳ ಲೆಕ್ಕವನ್ನು ಗೋಡೆಯ ಮೇಲೆ ತೋರಿಸಿದೆ. ನಿಮ್ಮ ಮಾದರಿ ಬೀಜವನ್ನು ಓದುತ್ತದೆ, ಬಿಸಿಲನ್ನು ಓದುತ್ತದೆ, ರೈತನ ಹೊಲವನ್ನು ಮಾತ್ರ ಓದುವುದಿಲ್ಲ ಅಂದೆ. ಹೂ ಬಿಟ್ಟ ದಿನವನ್ನು ಕಣ್ಣಾರೆ ಕಂಡು ಬರೆದವಳು ನಾನು. ಅದರಲ್ಲಿ ಒಂದು ದಿನದ ಸಂಶಯ ಇದ್ದರೂ ಎದ್ದು ಹೇಳಿ ಅಂದೆ. ಯಾರೂ ಏಳಲಿಲ್ಲ. ಕೊನೆಗೆ ಮೇಜು ಬಡಿದು ಮೆಚ್ಚಿದರು. ಅಲ್ಲಿ ಚಪ್ಪಾಳೆಗಿಂತ ಅದು ದೊಡ್ಡದಂತೆ.

ಆಮೇಲೆ ಅಧ್ಯಕ್ಷರು ಕನ್ನಡಕ ತೆಗೆದಿಟ್ಟು ಹೇಳಿದರು: “ಬಹಳ ಸ್ಪಷ್ಟವಾಗಿದೆ. ಮಾದರಿ ನಡೆಯದ ಜಾಗದಲ್ಲಿ ನಾವು ಇರುವುದರಲ್ಲಿ ಅರ್ಥವಿಲ್ಲ. ರೋಣ–ನರಗುಂದದ ಹೊಲಗಳನ್ನು ಪಟ್ಟಿಯಿಂದ ತೆಗೆಯೋಣ. ಗುರುವಾರ ಅಂತಿಮ ಮಾಡೋಣ.”

ಊರಿನಲ್ಲಿ ವಾದ ಗೆದ್ದರೆ ಢಾಲು ಕೊಡುತ್ತಾರೆ. ಇಲ್ಲಿ ಹೊಲ ಕಿತ್ತುಕೊಂಡರು. ನಮ್ಮ ಹೊಲ ಪಟ್ಟಿಯಿಂದ ಹೋದರೆ ಕಾಕಾನ ಎರಡು ಬೀಜವೂ ಹೋದವು. ಅವರ ಪ್ರಶ್ನೆಯನ್ನು ಕೇಳಲಿಕ್ಕೆ ಯಾವ ಮಶೀನೂ ಉಳಿಯುವುದಿಲ್ಲ. ಅವರು ಹತ್ತು ವರ್ಷದ ನಂಬಿಕೆಯ ಮೇಲೆ ಬಿತ್ತುತ್ತ ಹೋಗುತ್ತಾರೆ, ತಪ್ಪಿದ್ದರೂ ಸರಿ ಇದ್ದರೂ.

ಮಂಗಳವಾರ: ಶಿಸ್ತಿನ ತಪ್ಪು

ಮರುದಿನ ಮುಂಜಾನೆ ಚಹಾ ಮುಗಿಯುವ ಮೊದಲೇ ಮಾರ್ಗರೇಟ್ ನನ್ನ ಮುಂದೆ ಒಂದು ಹಾಳೆ ಇಟ್ಟರು. ಮೂವತ್ತು ಹೊಲ, ಮೂವತ್ತು ತಪ್ಪು, ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿದ್ದರು.

“ನೋಡಿ ಏನನ್ನಿಸುತ್ತದೆ?”

“ತಪ್ಪು ಅನ್ನಿಸುತ್ತದೆ,” ಅಂದೆ. ಸೋತವರ ಹಾಗೆ ಮಾತಾಡುವ ರೂಢಿ ನನಗಿರಲಿಲ್ಲ.

“ಎಲ್ಲವೂ ಒಂದೇ ಕಡೆ ತಪ್ಪು. ಮಾದರಿ ಹೇಳಿದ್ದಕ್ಕಿಂತ ನಿಮ್ಮ ಜೋಳ ತಡವಾಗಿಯೇ ಹೂ ಬಿಟ್ಟಿದೆ. ಒಂದು ಹೊಲವೂ ಬೇಗ ಬಿಟ್ಟಿಲ್ಲ. ಅದಿರಲಿ. ಎಲ್ಲಕ್ಕಿಂತ ದೊಡ್ಡ ತಪ್ಪು ಎಷ್ಟು?”

ಕೆಳಗಿನ ಸಾಲು ನೋಡಿದೆ. “ಹದಿಮೂರು ದಿನ.”

“ಎಲ್ಲಕ್ಕಿಂತ ಸಣ್ಣದು?”

“ಸೊನ್ನೆ.”

“ನಡುವೆ ಎಲ್ಲ ಸಂಖ್ಯೆಗಳೂ ಸರಿಸುಮಾರು ಸಮನಾಗಿ ಹಂಚಿವೆ. ಹದಿಮೂರು ಮಾತ್ರ ದಾಟುವುದಿಲ್ಲ. ಮಣ್ಣು ಇಷ್ಟು ಶಿಸ್ತಿನಿಂದ ತಪ್ಪು ಮಾಡುವುದಿಲ್ಲ ಮಗು. ಇಷ್ಟು ಶಿಸ್ತಿನ ತಪ್ಪು ಮನುಷ್ಯರದು. ನಿಮ್ಮ ಊರಿನಲ್ಲಿ ಹದಿಮೂರು ದಿನ ಉದ್ದದ್ದು ಏನಿದೆ?”

ನಮ್ಮಲ್ಲಿ ಹದಿಮೂರು–ಹದಿನಾಲ್ಕು ದಿನ ಉದ್ದದ್ದು ಏನಿದೆ ಅಂತ ಸಣ್ಣ ಕೂಸಿಗೂ ಗೊತ್ತು. ಮಳೆ. ಉತ್ತರಿ ಮಳೆ, ಹಸ್ತಾ ಮಳೆ, ಚಿತ್ತಿ ಮಳೆ. ಒಂದೊಂದು ನಕ್ಷತ್ರಕ್ಕೆ ಒಂದೊಂದು ಮಳೆ, ಒಂದೊಂದು ಮಳೆಗೆ ಅಷ್ಟು ದಿನ, ಹನಿ ಬೀಳಲಿ ಬೀಳದಿರಲಿ.

ಜನವರಿಯಲ್ಲಿ ಹಾಳೆ ಹಿಡಿದು ಹೊಲ ಹೊಲ ತಿರುಗಿದ್ದೆನಲ್ಲ. ಹಾಳೆಯಲ್ಲಿ ‘ಬಿತ್ತನೆಯ ದಿನಾಂಕ’ ಅಂತ ಒಂದೇ ಒಂದು ಚೌಕ. ರೈತರನ್ನು ಹಾಗೆ ಕೇಳುವುದು ನಮ್ಮ ಬಾಯಿಗೇ ಬರುವುದಿಲ್ಲ. “ಯಾವ ಮಳ್ಯಾಗ ಬಿತ್ತಿದ್ರಿ?” ಅಂತ ಕೇಳಿದ್ದೆ. ಬಹಳ ಮಂದಿ “ಹಸ್ತಾದಾಗ್ರಿ” ಅಂದಿದ್ದರು, ಕೆಲವರು ಉತ್ತರಿ, ಕೆಲವರು ಚಿತ್ತಿ. ಮನೆಗೆ ಬಂದು ಗೋಡೆಯ ಕ್ಯಾಲೆಂಡರ್ ತಿರುವಿ, ಅವರವರು ಹೇಳಿದ ಮಳೆ ಹೊಕ್ಕ ದಿನವನ್ನು ಚೌಕದಲ್ಲಿ ತುಂಬಿದ್ದೆ. ಮಳೆ ಹೊಕ್ಕ ದಿನವೇ ಎಲ್ಲರೂ ಬಿತ್ತಿದ ಹಾಗೆ. ಮೂವತ್ತೂ ಹಾಳೆ ಒಂದೇ ಸಂಜೆ ಮುಗಿಸಿ, ಲಗೂ ಮುಗಿಯಿತಲ್ಲ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ. ಮಳೆ ಹೊಕ್ಕು ಎಂಟು ದಿನ ಕಳೆದ ಮೇಲೆ ಬಿತ್ತಿದವನ ಜೋಳ ಎಂಟು ದಿನ ತಡವಾಗಿ ಹೂ ಬಿಟ್ಟ ಹಾಗೆ ಕಾಣಲೇಬೇಕು. ಹೂವಿನ ದಿನಕ್ಕೆ ಸಾಕ್ಷಿ ಹೇಳಿದ್ದೆ. ಬಿತ್ತಿದ ದಿನದ ಮಾತು ನನ್ನ ಭಾಷಣದಲ್ಲಿ ಬಂದೇ ಇರಲಿಲ್ಲ.

ಎಲ್ಲ ಹೇಳಿದೆ. ಮಾರ್ಗರೇಟ್ ಬಿತ್ತನೆಯ ದಿನಾಂಕಗಳ ಮೇಲೆ ಬೆರಳು ಓಡಿಸಿದರು.

“ಮೂವತ್ತು ಹೊಲಕ್ಕೆ ಮೂರೇ ದಿನಾಂಕಗಳಿದ್ದವು,” ಅಂದರು. “ನಿಮ್ಮಲ್ಲಿ ಒಂದೊಂದು ಊರಿನವರು ಎಲ್ಲರೂ ಕೂಡಿ ಒಂದೇ ದಿನ ಬಿತ್ತುತ್ತಾರೆ ಅಂತ ತಿಳಿದಿದ್ದೆ. ಎಂಥ ಒಗ್ಗಟ್ಟು ಅಂದುಕೊಂಡಿದ್ದೆ.”

“ನಮ್ಮ ಊರಿನವರು ಕೂಡಿ ಒಂದೇ ದಿನ ಮಾಡುವುದು ಮತದಾನ ಒಂದೇ,” ಅಂದೆ.

“ಖರೇ ದಿನಾಂಕಗಳು ಸಿಗುತ್ತವೆಯೇ? ಗುರುವಾರದೊಳಗೆ?”

ನಡು ಮಧ್ಯಾಹ್ನ: ಕೊಣ್ಣೂರಿನ ಫೋನು

ಟೂವುಂಬಾದಲ್ಲಿ ಮಧ್ಯಾಹ್ನ ಒಂದಾದರೆ ಕೊಣ್ಣೂರಿನಲ್ಲಿ ಮುಂಜಾನೆ ಎಂಟೂವರೆ. ಕಾಕಾನ ಮನೆಯ ಎದುರಿನ ಕಿರಾಣಿ ಅಂಗಡಿಗೆ ಫೋನು ಹಚ್ಚಿ, ಅವರನ್ನು ಕರೆಸಿರಿ ಅಂದೆ. ಹತ್ತು ನಿಮಿಷ ಬಿಟ್ಟು ಮತ್ತೆ ಹಚ್ಚಿದೆ.

“ಏನಂತವ್ವಾ ಮಶೀನು?” ಕಾಕಾನ ಮೊದಲ ಮಾತು.

“ಮಶೀನ್ ಇರ್ಲಿ ಕಾಕಾ. ಈ ಸಲದ ಜೋಳ ನೀವು ಬಿತ್ತಿದ್ದು ಯಾವಾಗ?”

“ಹಸ್ತಾದಾಗ. ಬರಕೊಂಡ ಹೋಗಿದ್ದೆಲ್ಲ.”

“ಹಸ್ತಾದಾಗ ಯಾವ ದಿನಾರಿ?”

“ಹನ್ನೊಂದನೇ ರೋಜಾ.”

ಒಂದು ಉಸಿರಿನ ತಡವೂ ಇಲ್ಲ. ಆ ವರ್ಷ ರಂಜಾನ್ ತಿಂಗಳು ಹಸ್ತಾ ಮಳೆಯ ಹೊತ್ತಿಗೇ ಶುರುವಾಗಿತ್ತು, ಉಪವಾಸದ ಒಂದೊಂದು ರೋಜಾಕ್ಕೂ ಕ್ಯಾಲೆಂಡರಿನಲ್ಲಿ ಒಂದೊಂದು ತಾರೀಖು.

“ಮೊದ್ಲ ಯಾಕ ಹೇಳಲಿಲ್ರಿ?”

“ನೀ ಯಾವ ಮಳಿ ಅಂತ ಕೇಳಿದಿ, ಮಳಿ ಹೇಳಿದೆ. ದಿನ ಕೇಳಿದ್ರ ದಿನ ಹೇಳತಿದ್ದೆ. ನೀ ಅಲ್ಲೇನ ಕ್ಯಾಮೆರಾ ಹಿಡಕೊಂಡ ಅಡ್ಡಾಡೂದ ಮಾಡೀಯೋ, ಕೆಲಸಾನೂ ಮಾಡೀಯೋ?”

“ಬೈರಿ, ಆದ್ರ ಆಮ್ಯಾಲೆ. ನಿಮ್ಮ ಕೂರಿಗಿ ಮತ್ತ ಯಾರ ಯಾರ ಹೊಲಕ್ಕ ಹೋಗಿತ್ತು? ಯಾವ ಯಾವ ರೋಜಾ?”

“ಬರಕೋ,” ಅಂದರು. “ಬೇವಿನಗಿಡದ ಹೊಲ ಐದನೇ ರೋಜಾ. ಹೊಳಿಸಾಲ ಪಟ್ಟಿ ಏಳು. ಗುಡಿ ಹಿಂದಿಂದು ಒಂಬತ್ತು. ಹತ್ತಕ್ಕ ಎತ್ತಿನ ಕಾಲ ಉಳುಕಿತ್ತು, ಬಿತ್ತಲಿಲ್ಲ. ಹನ್ನೊಂದು ನಂದು...”

ಒಂಬತ್ತು ಹೊಲ, ಎಲ್ಲವೂ ನಮ್ಮ ಮೂವತ್ತರಲ್ಲಿಯವೇ. ನಡುವೆ ಒಮ್ಮೆಯೂ ನಿಲ್ಲಲಿಲ್ಲ, ತಿದ್ದಲಿಲ್ಲ.

“ಇಷ್ಟೆಲ್ಲ ಹ್ಯಾಂಗ ನೆನಪಿಟ್ಟೀರಿ ಕಾಕಾ?”

“ಉಪಾಸ ಇದ್ದ ಕೂರಿಗಿ ಹಿಡದವಗ ದಿನಾ ಮರೀತಾವೇನವ್ವಾ? ನೀರ ಕುಡೀಲಾರದ ದಿನಾ ಒಂದೊಂದೂ ನೆನಪ ಇರತಾವ. ನನ್ನ ಪ್ರಶ್ನಿ ಕೇಳಿದೇನು?”

“ಇನ್ನೂ ಇಲ್ರಿ.”

“ಮತ್ತೇನ ಮಾಡಾಕತ್ತೀ ಅಲ್ಲೆ?”

ಗುರುವಾರ: ವಿರೋಧ ಪಕ್ಷ

ಮಾರ್ಗರೇಟ್ ಒಂಬತ್ತು ಹೊಲಗಳ ಹೊಸ ದಿನಾಂಕ ತುಂಬಿ ಲೆಕ್ಕ ತಿರುಗಿಸಿದರು. ನಾಲ್ಕು, ಎಂಟು, ಹನ್ನೊಂದು ಇದ್ದ ತಪ್ಪುಗಳು ಒಂದು, ಎರಡಕ್ಕೆ ಇಳಿದವು. ಕೆಲವು ಈ ಕಡೆ, ಕೆಲವು ಆ ಕಡೆ. ಅಂಕಿಗಳು ಹೀಗೆ ಸಾಚಾ ಆಗಿ ತಪ್ಪುವುದನ್ನು ನೋಡಿ ನನಗೆ, ನಾಚಿಕೆಯ ನಡುವೆಯೂ, ಒಂದು ಸಂತೋಷ.

ಚರ್ಚಾಸ್ಪರ್ಧೆಯ ತಾಲೀಮಿನಲ್ಲಿ ಒಂದೇ ವಿಷಯಕ್ಕೆ ಪರವಾಗಿಯೂ ವಿರೋಧವಾಗಿಯೂ ಮಾತಾಡಿಸುತ್ತಾರೆ. ಎರಡರಲ್ಲಿಯೂ ನನಗೆ ಮೊದಲ ಸ್ಥಾನ ಬಂದದ್ದುಂಟು. ಆದರೆ ಖರೇ ಸೋತು ವಿರೋಧಿಸಿದ್ದು ಅವತ್ತೇ ಮೊದಲು. ಸೋಮವಾರ ನಿಂತ ಜಾಗದಲ್ಲಿಯೇ ನಿಂತೆ.

“ಸೋಮವಾರ ಇಲ್ಲಿ ಒಬ್ಬಳು ಮಾತಾಡಿದಳು,” ಅಂದೆ. “ಆಕೆಯ ಮಾತಿನ ವೇಗ ನೋಡಿ ನೀವು ಮೋಸ ಹೋದಿರಿ. ಆಕೆಯ ಹಾಳೆಯಲ್ಲಿ ಬಿತ್ತಿದ ದಿನ ಒಂದೂ ಇರಲಿಲ್ಲ. ಮಳೆಯ ಹೆಸರಿತ್ತು, ಅದಕ್ಕೆ ಆಕೆ ತಾರೀಖಿನ ಅಂಗಿ ತೊಡಿಸಿದ್ದಳು.” ಆಮೇಲೆ ಹಸ್ತಾ, ಚಿತ್ತಿ, ರೋಜಾ, ಕೂರಿಗೆ ಎಲ್ಲ ವಿವರಿಸಿದೆ.

ಅಧ್ಯಕ್ಷರು ಕನ್ನಡಕ ಏರಿಸಿಕೊಂಡರು. “ಒಂಬತ್ತು ಹೊಲ ಸರಿಯಾದವು. ಉಳಿದ ಇಪ್ಪತ್ತೊಂದು?”

“ಊರಿಗೆ ಹೋಗಿ ಕೇಳುತ್ತೇನೆ. ಅಲ್ಲಿಯವರೆಗೆ ಅವುಗಳ ಮುಂದೆ ಮಾದರಿಯ ತಪ್ಪು ಅಂತ ಬರೆಯಬೇಡಿ. ನನ್ನ ತಪ್ಪು ಅಂತ ಬರೆಯಿರಿ.”

“ಆ ವೃದ್ಧರು ನೆನಪಿನಿಂದ ಹೇಳಿದ ದಿನಗಳನ್ನು ನಂಬಬಹುದೇ?”

“ಅವರು ಬೇರೆಯವರ ಹೊಲಗಳ ದಿನವನ್ನು ಕಂಪ್ಯೂಟರಿನ ಉತ್ತರ ನೋಡದೆ ಹೇಳಿದರು. ಕಂಪ್ಯೂಟರು ಅವರ ನೆನಪನ್ನು ನೋಡದೆ ಹೇಳಿತು. ಇಬ್ಬರೂ ಒಂದೆರಡು ದಿನದೊಳಗೆ ಕೂಡಿದ್ದಾರೆ. ಇಬ್ಬರೂ ಸುಳ್ಳು ಅನ್ನಬೇಕಾದರೆ ಇಬ್ಬರೂ ಒಂದೇ ಸುಳ್ಳನ್ನು ಹೇಗೆ ಹೇಳಿದರು ಅಂತ ನೀವು ತೋರಿಸಬೇಕು.”

ಮೇಜು ಬಡಿಯಲಿಲ್ಲ ಯಾರೂ. ಆದರೆ ನಮ್ಮ ಹೊಲಗಳು ಪಟ್ಟಿಯಲ್ಲಿ ಉಳಿದವು, ಇನ್ನೊಂದು ವರ್ಷಕ್ಕೆ. ಷರತ್ತು ಒಂದೇ: ಬಿತ್ತುವ ದಿನ ನಾನು ಹೊಲದಲ್ಲಿ ಇರಬೇಕು.

ಹೊರಡುವ ಮಧ್ಯಾಹ್ನ ಕಾಕಾನ ಪ್ರಶ್ನೆ ಕೇಳಿದೆ. ಎರಡು ಬೀಜ, ಹೊಳೆದಂಡೆಯ ಹೊಲ, ಚಿತ್ತಿ ಅರ್ಧ ಮುಗಿದ ಮೇಲೆ ಬಿತ್ತನೆ. ಪರದೆಯ ಮೇಲೆ ಎರಡು ಗೆರೆಗಳು ಬಂದವು. ಹಸ್ತಾದ ಕಡೆ ಗಿಡ್ಡ ಜೋಳ ಮುಂದೆ ಇತ್ತು. ಬಿತ್ತನೆ ತಡವಾದ ಹಾಗೆ ಗೆರೆಗಳು ಹತ್ತಿರ ಬಂದು, ಒಂದನ್ನೊಂದು ದಾಟಿ, ಚಿತ್ತಿಯಲ್ಲಿ ಉದ್ದನ್ನ ಜೋಳ ನಾಲ್ಕು ದಿನ ಮುಂದೆ ಹೋಯಿತು.

“ಸಾಧ್ಯವಿಲ್ಲ,” ಅಂದೆ. “ಹತ್ತು ವರ್ಷದಿಂದ ಗಿಡ್ಡದೇ ಮೊದಲು ಹೂ ಬಿಡುತ್ತಿದೆಯಂತೆ.”

“ಗಿಡ್ಡದು ಬಿಸಿಲು ಎಣಿಸುತ್ತದೆ,” ಅಂದರು ಮಾರ್ಗರೇಟ್. “ತಡವಾದರೆ ಚಳಿ ಬರುತ್ತದೆ, ಅದರ ಎಣಿಕೆ ನಿಧಾನವಾಗುತ್ತದೆ. ಉದ್ದನೆಯದು ಹಗಲು ನೋಡುತ್ತದೆ. ಹಗಲು ಸಣ್ಣದಾಗುತ್ತಿದೆ ಅಂತ ತಿಳಿದರೆ ಅವಸರ ಮಾಡುತ್ತದೆ. ಅದರ ವಂಶವಾಹಿಯಲ್ಲಿ ಆ ಗುರುತು ಇದೆ.”

“ಬರೆದು ಕೊಡುತ್ತೀರಾ?”

ಬರೆದು, ಸಹಿ ಮಾಡಿ ಕೊಟ್ಟರು. ಮಡಚಿ, ಬೂಟಿನ ಜೊತೆ ಚೀಲದಲ್ಲಿಟ್ಟೆ. ಬೂಟನ್ನು ಈ ಸಲ ನಾನೇ ತೊಳೆದುಕೊಂಡಿದ್ದೆ.

ಕೊಣ್ಣೂರು

ಕಾಕಾ ಕಾಗದವನ್ನು ಓದಿಸಿಕೊಂಡು, ಗಡ್ಡ ನೀವಿಕೊಂಡು ನಕ್ಕರು. “ಮಶೀನಿಗೆ ಜ್ವರ ಬಂದಿರಬೇಕು. ಉದ್ದಂದು ಮೊದ್ಲ ಅಂತ. ನನ್ನ ಮಾವ ಬದಕಿದ್ರ ಖುಷಿ ಪಡತಿದ್ದ.”

ಆ ವರ್ಷ ಹಸ್ತಾ ಮಳೆ ಬಿಡಲೇ ಇಲ್ಲ. ಮಲಪ್ರಭೆ ಸೇತುವೆಗೆ ಬಂತು. ಎರಿ ಹೊಲಕ್ಕೆ ಎತ್ತು ಇಳಿಸುವ ಹಾಗಿರಲಿಲ್ಲ. ಈದ್ ಮುಗಿದ ನಾಲ್ಕನೇ ದಿನ, ಚಿತ್ತಿ ಅರ್ಧ ಕಳೆದ ಮೇಲೆ ಕಾಕಾ ಕೂರಿಗೆ ಹೂಡಿದರು. ಷರತ್ತಿನ ಪ್ರಕಾರ ನಾನು ಬದುವಿನ ಮೇಲೆ ನಿಂತಿದ್ದೆ. ಕೆವಿನ್ನನ ಹಾಗೆ ಗಂಟೆಯನ್ನೂ ಬರೆದೆ. ಗಿಡ್ಡ ಜೋಳದ ಪಟ್ಟಿ ಮುಗಿಯುವಾಗ ಸಂಜೆ ಐದು. ಉದ್ದನ್ನ ಜೋಳಕ್ಕೆ ಎತ್ತು ತಿರುಗಿಸಿದ್ದು ಕಂಡು, ಅದೇ ತಾರೀಖು ಬರೆದು, ಕಡೇ ಬಸ್ಸು ಹತ್ತಿದೆ.

ಹೂವಿನ ಕಾಲಕ್ಕೆ ಇಬ್ಬರೂ ದಿನವೂ ಎಣಿಸಿದೆವು. ಪಟ್ಟಿಯ ಅರ್ಧ ಗಿಡ ಹೂ ಬಿಟ್ಟ ದಿನವೇ ಲೆಕ್ಕದ ದಿನ. ಉದ್ದನ್ನ ಜೋಳ ಮೊದಲು ಬಂತು. ಮೂರು ದಿನದ ಮೇಲೆ ಗಿಡ್ಡದ್ದು. ಮರುದಿನ ಹೊಲಕ್ಕೆ ಹೋದಾಗ ಕಾಕಾ ಉದ್ದನ್ನ ಜೋಳದ ತೆನೆ ಹಿಡಿದು ನಿಂತಿದ್ದರು.

“ಹತ್ತ ವರ್ಷ ನೋಡಿದ್ದೆಲ್ಲ ಹಸ್ತಾದಾಗ ಬಿತ್ತಿದ್ದು,” ಅಂದರು. “ಚಿತ್ತಿಯೊಳಗ ಎರಡೂ ಕೂಡೆ ಹಾಕಿ ನಾ ಎಂದೂ ನೋಡೇ ಇದ್ದಿಲ್ಲ. ಇನ್ನ ತಡಾ ಆದ ವರ್ಷ ಉದ್ದಂದ. ಹೇಳವ್ವಾ ನಿಮ್ಮ ಆ ಮಾರ್ಗರೇಟ್ ಬಾಯಾರಿಗೆ.” ಆಮೇಲೆ ಓರೆಗಣ್ಣಿಂದ ನೋಡಿದರು. “ಆದ್ರ ನಾಲ್ಕ ದಿನಾ ಅಂದಿದ್ರಲ್ಲ. ಮೂರ ಆತಲ್ಲ.”

“ನಾ ಬಿಡತೇನೇನ್ರಿ? ಇವತ್ತ ಮುಂಜಾನೆ ನರಗುಂದದಾಗ ಇಂಟರ್ನೆಟ್ ಅಂಗಡ್ಯಾಗ ಕುಂತು ಎರಡ ಪುಟ ಬರದ ಕಳಿಸೀನಿ. ಒಂದ ದಿನ ಎಲ್ಲಿ ಹೋತು ಹೇಳ್ರಿ ಅಂತ.”

ಕಾಕಾ ತೆನೆ ಬಿಟ್ಟು ಗಡ್ಡ ಕೆರೆದುಕೊಂಡರು. “ಬರೀಬಾರದಿತ್ತಲ್ಲವ್ವಾ.”

“ಯಾಕ್ರಿ?”

“ಅವತ್ತ ನೀ ಹೋದ ಮ್ಯಾಲೆ ಎರಡ ಸಾಲ ಹೋಗಿರಬೇಕು, ಕೂರಿಗಿ ಹಲ್ಲ ಮುರೀತು. ಉಳದದ್ದು ಮರುದಿನಾ ಮುಂಜಾನೆ ಬಿತ್ತಿದೆ.”

“ಹೇಳಲಿಲ್ಲಲ್ರಿ ಕಾಕಾ.”

“ನೀ ಕೇಳಲಿಲ್ಲಲ್ಲ. ಬರಕೊಂಡ ಹೋಗಿದ್ದಿ.”

ಪುಸ್ತಕ ತೆಗೆದೆ. ಉದ್ದನ್ನ ಜೋಳದ ಮುಂದಿನ ತಾರೀಖು ಹೊಡೆದುಹಾಕಿ, ಮರುದಿನದ್ದು ಬರೆದೆ. ಒಂದು ದಿನ ತಡವಾಗಿ ಬಿತ್ತಿದ್ದು ಹೆಚ್ಚು ಕಡಿಮೆ ಒಂದು ದಿನ ತಡವಾಗಿ ಹೂ ಬಿಟ್ಟಿತ್ತು. ಮೊಪೆಡ್ ತಿರುಗಿಸಿ ಮತ್ತೆ ನರಗುಂದಕ್ಕೆ ಹೋದೆ. ಇಂಟರ್ನೆಟ್ ಅಂಗಡಿಯವನು ನನ್ನನ್ನು ನೋಡಿ ನಕ್ಕ.

“ಏನಕ್ಕಾರ, ಮುಂಜಾನೆ ಬೈದದ್ದು ಸಾಲಲಿಲ್ಲೇನ್ರಿ? ಮತ್ತ ಅವರಿಗೇ?”

“ಇಲ್ಲ,” ಅಂದೆ. “ಈ ಸಲ ನನಗ.”